ಸಿಟ್ಟಿನ ಸ್ಯಾಂಪಲ್

ಅನ್ನ ಬೆಂದಿದೆಯೋ ಇಲ್ಲವೋ ತಿಳಿಯಲು ಒಂದು ಅಗುಳು ಹಿಸುಕಿ ನೋಡಿದರೆ ಸಾಕು ಎನ್ನುವ ಮಾತನ್ನು ನಾನು ಬುದ್ಧಿ ಬಂದಾಗಿನಿಂದ ಕೇಳುತ್ತ ಬಂದಿದ್ದೇನೆ. ಈ ಮಾತನ್ನು ಮೊದಲು ಹೇಳಿದವರು ಅನ್ನದ ಸೀಮೆಯವರೇ ಇರಬೇಕು. ನಾವು ರೊಟ್ಟಿಯ ಕಡೆಯವರು. ರೊಟ್ಟಿಗೆ ಈ ಸೌಲಭ್ಯವಿಲ್ಲ. ಮೊದಲನೆಯದು ಪೂರಿಯ ಹಾಗೆ ಉಬ್ಬಿತೆಂದು ಎರಡನೆಯದನ್ನು ನಂಬುವ ಹಾಗಿಲ್ಲ. ಅದು ಅಂಚಿನಲ್ಲಿ ಬಿರಿಯುತ್ತದೆ. ಮೂರನೆಯದು ಹಂಚಿಗೆ ಅಂಟಿಕೊಂಡು ಹಟ ಹಿಡಿಯುತ್ತದೆ. ಒಂದೇ ಹಿಟ್ಟು, ಒಂದೇ ನೀರು, ಒಂದೇ ಕೈ. ಆದರೂ ಒಂದೊಂದನ್ನೂ ಬೇರೆಬೇರೆಯಾಗಿ ವಿಚಾರಿಸಿಕೊಳ್ಳಬೇಕು. ಹಾಗಾದರೆ ಮನುಷ್ಯರು ಅನ್ನದ ಹಾಗೋ, ರೊಟ್ಟಿಯ ಹಾಗೋ? ನಾಲ್ಕು ಜನರನ್ನು ಹಿಸುಕಿ ನೋಡಿ ಊರಿನ ಮನಸ್ಸು ಇಂಥದ್ದು ಎಂದು ಹೇಳಬಹುದೋ? ಈ ಪ್ರಶ್ನೆ ನನಗೆ ಈ ವಯಸ್ಸಿನಲ್ಲಿ ಗಂಟುಬಿದ್ದದ್ದಕ್ಕೆ ಕಾರಣ, ನಾನು ಸುಮ್ಮನಿರಲಾರದೆ ಮನಃಶಾಸ್ತ್ರದ ಎಂ.ಎ. ಓದಲು ಹೊರಟದ್ದು.

ನಾನು ನಾರಾಯಣಗೂಡದ ಒಂದು ಕಾಲೇಜಿನ ಲೈಬ್ರರಿಯಲ್ಲಿ ಕೆಲಸ ಮಾಡುವವಳು. ತವರು ಕಲಬುರಗಿ. ಮದುವೆಯಾಗಿ ಹೈದರಾಬಾದಿಗೆ ಬಂದವಳು ಇಲ್ಲಿಯೇ ಕೂದಲು ಬೆಳ್ಳಗೆ ಮಾಡಿಕೊಂಡೆ. ನಮ್ಮ ಮನೆಯವರದು ಹಿಮಾಯತ್‌ನಗರದಲ್ಲಿ ಕನ್ನಡಕದ ಅಂಗಡಿ. ಮಗಳು ಓದಲೆಂದು ಪುಣೆಗೆ ಹೋದ ಮೇಲೆ ಸಂಜೆಗಳು ವಿಪರೀತ ಉದ್ದವಾದವು. ಜಾಣ ಹೆಂಗಸರು ಇಂಥ ಹೊತ್ತಿನಲ್ಲಿ ಹೆಣಿಗೆ ಕಲಿಯುತ್ತಾರೆ, ಇಲ್ಲವೇ ಭಜನೆಗೆ ಹೋಗುತ್ತಾರೆ. ನಾನು ದೂರಶಿಕ್ಷಣದಲ್ಲಿ ಹೆಸರು ಹಚ್ಚಿದೆ. ಎರಡನೆಯ ವರ್ಷ ಒಂದು ಪುಟ್ಟ ಸಂಶೋಧನೆ ಮಾಡಿ ಪ್ರಬಂಧ ಒಪ್ಪಿಸಬೇಕಿತ್ತು. ಅದಿಲ್ಲದೆ ಡಿಗ್ರಿ ಇಲ್ಲ.

ವಿಷಯ ಮಾತ್ರ ತಾನಾಗಿಯೇ ಬಂದು ಸಿಕ್ಕಿತು. ಒಂದು ಸಂಜೆ ಆಟೋದಲ್ಲಿ ಮನೆಗೆ ಬರುತ್ತಿದ್ದೆ. ಆಟೋದವನು ನನ್ನ ಜೊತೆ ಅಪ್ಪಟ ಹೈದರಾಬಾದಿ ಹಿಂದಿಯಲ್ಲಿ ಚೌಕಾಸಿ ಮಾಡಿದ. ಸಿಗ್ನಲ್ಲಿನಲ್ಲಿ ಪೊಲೀಸರ ಜೊತೆ ವಿನಯದ ತೆಲುಗಿನಲ್ಲಿ ಮಾತಾಡಿದ. ಸ್ವಲ್ಪ ಮುಂದೆ ಒಂದು ಕಾರು ಇದ್ದಕ್ಕಿದ್ದಂತೆ ಅಡ್ಡ ಬಂತು ನೋಡಿ, ಅವನ ಬಾಯಿಂದ ಹೊರಬಿದ್ದದ್ದು, "ಇವನ ಬಾಯಾಗ ಮಣ್ಣ ಹಾಕ್ಲಿ." ಯಾವ ಊರಪ್ಪಾ ನಿಂದು ಎಂದು ಕೇಳಿದೆ. ಬೀದರ ಕಡೆಯವನಂತೆ. ಇಲ್ಲಿಗೆ ಬಂದ ಮೇಲೆ ಕನ್ನಡ ಪೂರ್ತಿ ಮರೆತುಹೋಗಿದೆ ಎಂದು ಅವನೇ ಹಿಂದಿಯಲ್ಲಿ ಹೇಳಿದ. ಪೂರ್ತಿ ಮರೆತ ಭಾಷೆ ಬೈಯುವಾಗ ಮಾತ್ರ ಎಲ್ಲಿಂದ ಓಡಿ ಬಂತು? ಮನೆಗೆ ಬಂದು ಚಹಾ ಮಾಡುವಾಗಲೂ ನನ್ನ ತಲೆಯಲ್ಲಿ ಅದೇ. ನಮ್ಮ ಕಡೆಯಿಂದ ಈ ಊರಿಗೆ ಬಂದ ಮಂದಿ ಬಾಗಿಲ ಒಳಗೆ ಒಂದು ಭಾಷೆ, ಹೊರಗೆ ಎರಡು ಭಾಷೆ ಇಟ್ಟುಕೊಂಡು ಬದುಕುತ್ತಾರೆ. ಅವರಿಗೆ ಸಿಟ್ಟು ಯಾವ ಭಾಷೆಯಲ್ಲಿ ಬರುತ್ತದೆ?

ನನಗೆ ಮಾರ್ಗದರ್ಶನ ಮಾಡಲು ಗೊತ್ತುಮಾಡಿದ್ದವರು ಅರುಣಾ ಮೇಡಂ. ನನಗಿಂತ ಸಾಕಷ್ಟು ಚಿಕ್ಕವರು, ತೆಲುಗಿನವರು. ವಿಷಯ ಕೇಳಿ ಅವರ ಕಣ್ಣು ಅರಳಿದವು. ಆಮೇಲೆ ಒಂದೇ ಪ್ರಶ್ನೆ ಕೇಳಿದರು. "ಯಾರನ್ನು ಕೇಳುತ್ತೀರಿ?" ನಾನು, "ಸಿಕ್ಕವರನ್ನು" ಎಂದೆ. ಅವರು ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಕನ್ನಡಕದ ಅಂಗಡಿಯವರ ಹೆಂಡತಿಯಾಗಿ ನಾನು ಕಲಿತದ್ದೇನೆಂದರೆ, ಮಾತಿನ ನಡುವೆ ಯಾರಾದರೂ ಕನ್ನಡಕ ತೆಗೆದಿಟ್ಟರೆ ಉಪದೇಶ ದೀರ್ಘವಾಗಿರುತ್ತದೆ. ನಾನು ಅನ್ನದ ಅಗುಳಿನ ಗಾದೆ ಹೇಳಿ ತಪ್ಪಿಸಿಕೊಳ್ಳಲು ನೋಡಿದೆ. ಅದಕ್ಕವರು, "ಅನ್ನವನ್ನು ನೀವು ಸೌಟು ಹಾಕಿ ತಿರುವಿರುತ್ತೀರಿ. ಮನುಷ್ಯರನ್ನು ಯಾರು ತಿರುವಿರುತ್ತಾರೆ? ಮೇಲೆ ಸಿಕ್ಕ ಅಗುಳನ್ನೇ ಹಿಸುಕಿದರೆ ತಳದಲ್ಲಿ ಸೀದದ್ದು ಗೊತ್ತಾಗುವುದು ಹೇಗೆ?" ಎಂದರು. ರೊಟ್ಟಿಯವಳಾದ ನಾನು ಅನ್ನದವರ ಮುಂದೆ ಗಾದೆ ಹೇಳಬಾರದಿತ್ತು.

ಅವರ ಪ್ರಕಾರ ಎಲ್ಲಕ್ಕಿಂತ ಶುದ್ಧವಾದ ವಿಧಾನವೆಂದರೆ ಚೀಟಿ ಎತ್ತುವುದು. ಪುಸ್ತಕದಲ್ಲಿ ಅದಕ್ಕೆ ಯಾದೃಚ್ಛಿಕ ಆಯ್ಕೆ ಎಂದಿತ್ತು. ಆ ಪದವನ್ನು ಎಡವದೆ ಹೇಳಿದವರಿಗೆ ಅರ್ಧ ಡಿಗ್ರಿ ಆಗಲೇ ಕೊಟ್ಟುಬಿಡಬಹುದು. ಊರಿನಲ್ಲಿರುವ ಕನ್ನಡ ಮನೆಮಾತಿನವರೆಲ್ಲರ ಹೆಸರು ಒಂದು ಪಾತ್ರೆಯಲ್ಲಿ ಹಾಕಿ, ಕಣ್ಣು ಮುಚ್ಚಿ ಎತ್ತಬೇಕು. ಬಡವರು, ಬಲ್ಲಿದರು, ಸಿಡುಕರು, ಶಾಂತರು ಎಲ್ಲರಿಗೂ ಸಮಾನ ಅವಕಾಶ. ಕೇಳಲು ಎಷ್ಟು ಚೆನ್ನಾಗಿದೆ. ಆದರೆ ಹೆಸರುಗಳು ಎಲ್ಲಿವೆ? ಹೈದರಾಬಾದಿನಲ್ಲಿ ಮನೆಯೊಳಗೆ ಯಾರು ಕನ್ನಡ ಮಾತಾಡುತ್ತಾರೆಂದು ಬರೆದಿಟ್ಟವರು ಯಾರೂ ಇಲ್ಲ. ಮನೆ ಬಾಗಿಲ ಫಲಕ ನೋಡಿ ಊಹಿಸೋಣ ಎಂದುಕೊಂಡೆ. ಪಾಟೀಲ ಎಂಬ ಫಲಕ ಕಂಡು ಸಂಭ್ರಮದಿಂದ ಗಂಟೆ ಒತ್ತಿದರೆ ಮರಾಠಿಯವರು. ಪಾಪ, ಒಳಗೆ ಕರೆದು ಚುರುಮುರಿ ಕೊಟ್ಟರು. ತಮ್ಮ ಸಿಟ್ಟಿನ ಬಗ್ಗೆ ಮರಾಠಿಯಲ್ಲಿ ಮನಬಿಚ್ಚಿ ಹೇಳಿದರು. ಒಂದಕ್ಷರವೂ ನನ್ನ ಕೆಲಸಕ್ಕೆ ಬರುವಂತಿರಲಿಲ್ಲ. ಆ ಚುರುಮುರಿ ಮಾತ್ರ ಇನ್ನೂ ನಾಲಗೆಯ ಮೇಲಿದೆ.

ಆಗ ನಾನು ಅನುಕೂಲದ ದಾರಿ ಹಿಡಿದೆ. ಅನುಕೂಲ ಮಾದರಿ ಎಂದೇ ಅದಕ್ಕೆ ಹೆಸರು. ಕೈಗೆ ಸಿಕ್ಕವರನ್ನು ಕೇಳುವುದು. ನನ್ನ ಕೈಗೆ ಸಿಗುವವರೆಂದರೆ ನಮ್ಮ ಬಂಧುಗಳು. ಮೊದಲು ನಮ್ಮ ಮನೆಯವರ ಅಕ್ಕ ಸುಶೀಲಕ್ಕನ ಹತ್ತಿರ ಹೋದೆ. ನಾಲ್ಕು ಬೀದಿ ಆಚೆಗೆ ಅವರ ಮನೆ. ನಾನು ಪ್ರಶ್ನೆ ಓದುತ್ತಿದ್ದಂತೆ ಅವರು ಫೋನಿನಲ್ಲಿ ಗ್ಯಾಸಿನವನನ್ನು ಹಿಂದಿಯಲ್ಲಿ ತರಾಟೆಗೆ ತೆಗೆದುಕೊಳ್ಳುತ್ತಿದ್ದರು. ಕೈಸನ್ನೆಯಲ್ಲೇ ನನಗೆ ಕಾಯಲು ಹೇಳಿ, ಅವನ ವಂಶವನ್ನೆಲ್ಲ ಮುಟ್ಟಿ ಬಂದು, ಫೋನಿಟ್ಟು ತಣ್ಣಗೆ ಹೇಳಿದರು:

"ಬರಕೋ ವಿಮಲಾ. ನನಗ ಸಿಟ್ಟ ಅಂಬೋದ ಬರಂಗಿಲ್ಲ."

"ಈಗ ಬಂದಿತ್ತಲ್ರಿ ಅಕ್ಕಾ."

"ಅದು ಸಿಟ್ಟ ಅಲ್ಲ. ಅದು ಬುದ್ಧಿ ಹೇಳಿದ್ದು."

ಉಳಿದ ಬಂಧುಗಳೂ ಹೀಗೆಯೇ. ನಮ್ಮ ವಂಶದಲ್ಲಿ ಸಿಟ್ಟಿನವರು ಯಾರೂ ಇಲ್ಲವೆಂದೂ, ಇದ್ದ ಸಿಟ್ಟೆಲ್ಲ ಸೊಸೆಯಂದಿರ ಜೊತೆ ಹೊರಗಿನಿಂದ ಬಂತೆಂದೂ ಸರ್ವಾನುಮತದಿಂದ ಗೊತ್ತಾಯಿತು. ಸೊಸೆಯಂದಿರಲ್ಲಿ ನಾನೂ ಒಬ್ಬಳಾದ್ದರಿಂದ ಅದನ್ನು ಬರೆದುಕೊಳ್ಳಲಿಲ್ಲ. ಅರುಣಾ ಮೇಡಂ ನೋಡಿ ನಕ್ಕು, ಮನೆಯವರನ್ನೂ ಬಂಧುಗಳನ್ನೂ ಇನ್ನು ಮುಟ್ಟಬೇಡಿ, ಅವರು ನಿಮಗೆ ಉತ್ತರ ಹೇಳುತ್ತಿಲ್ಲ, ಕುಟುಂಬದ ಮಾನ ಕಾಯುತ್ತಿದ್ದಾರೆ ಎಂದರು.

ಆಮೇಲೆ ಸ್ವಇಚ್ಛೆಯವರನ್ನು ಕರೆದು ನೋಡಿದೆ. ನಮ್ಮ ಅಂಗಡಿಯ ಗಾಜಿಗೆ ಕನ್ನಡದಲ್ಲಿ ಒಂದು ಚೀಟಿ ಅಂಟಿಸಿದೆ: ಕನ್ನಡ ಮನೆಮಾತಿನವರು ತಮ್ಮ ಸಿಟ್ಟಿನ ಬಗ್ಗೆ ಮಾತಾಡಲು ಇಷ್ಟಪಟ್ಟರೆ ಒಳಗೆ ವಿಚಾರಿಸಿ. ಇಷ್ಟಪಟ್ಟರು. ಬೆಂಗಳೂರು, ಮೈಸೂರು, ಮಂಗಳೂರಿನಿಂದ ಕಂಪ್ಯೂಟರ್ ಕೆಲಸಕ್ಕೆ ಬಂದ ಹುಡುಗ ಹುಡುಗಿಯರು ಕಣ್ಣು ತೋರಿಸಲು ಬಂದು ಮನಸ್ಸು ತೋರಿಸಿ ಹೋದರು. ಒಬ್ಬ ಮೈಸೂರಿನ ಹುಡುಗ, "ನಂಗೆ ಸಿಟ್ಟು ಬಂದ್ರೆ ಇಂಗ್ಲಿಷಲ್ಲಿ ಮೇಲ್ ಬರೀತೀನಿ ಮೇಡಂ. ಕೊನೇಲಿ ಥ್ಯಾಂಕ್ಸ್ ಅಂತ ಹಾಕ್ತೀನಿ. ಆ ಥ್ಯಾಂಕ್ಸ್ ಇದ್ಯಲ್ಲ, ಅದೇ ನನ್ನ ಸಿಟ್ಟು" ಎಂದ. ನನಗೆ ಬಹಳ ಹಿಡಿಸಿತು. ಒಬ್ಬ ಮಹನೀಯರಂತೂ ಹೇಳಿದ್ದು ಸಾಲದೆ ಮಾರನೆಯ ವಾರ ಮತ್ತೆ ಬಂದರು, ಅದರಾಚೆಯ ವಾರ ತಮ್ಮ ಭಾವಮೈದುನನ ಮೇಲಿನ ಸಿಟ್ಟನ್ನು ವಿವರಿಸಲು ಭಾವಮೈದುನನನ್ನೇ ಕರೆತಂದರು. ಗಿರಾಕಿಗಳು ನಿಲ್ಲಲು ಜಾಗವಿಲ್ಲದಂತಾಗಿ ನಮ್ಮ ಮನೆಯವರು ಚೀಟಿ ಕಿತ್ತು ನನ್ನ ಕೈಗೆ ಕೊಟ್ಟರು. ಮೇಡಂ ಹೇಳಿದ್ದೂ ಅದೇ ಅರ್ಥದ ಮಾತು. ತಾವಾಗಿ ಬರುವವರು ಸಿಟ್ಟನ್ನು ಕೈಯಲ್ಲಿ ಹಿಡಿದುಕೊಂಡು ಕೇಳುಗರಿಗಾಗಿ ಕಾಯುತ್ತಿರುವವರು. ಕಾಯದೆ ಇರುವವರು ಎಲ್ಲಿದ್ದಾರೆ, ಅವರನ್ನು ಹುಡುಕಿ. "ಈ ಊರಿನ ಕನ್ನಡದವರೆಂದರೆ ಕಂಪ್ಯೂಟರಿನವರೂ ನಿಮ್ಮ ಬಂಧುಗಳೂ ಮಾತ್ರವೇ? ಕಟ್ಟಡ ಕಟ್ಟುವವರು ಯಾರು?" ಎಂದು ಕೇಳಿದರು.

ಅದು ನಿಜ. ಈ ಊರಿನ ಎತ್ತರದ ಕಟ್ಟಡಗಳ ಕೆಳಗೆ ನಿಂತರೆ ಯಾದಗಿರಿ, ರಾಯಚೂರು, ಕಲಬುರಗಿಯ ಮಾತು ಕಿವಿಗೆ ಬೀಳುತ್ತದೆ. ಆದರೆ ಅವರ ನಡುವೆ ಅಪರಿಚಿತಳಾಗಿ ಹೋಗಿ ಸಿಟ್ಟಿನ ವಿಷಯ ಕೇಳುವುದು ಹೇಗೆ? ಅದಕ್ಕೂ ಒಂದು ವಿಧಾನವಿತ್ತು. ಒಬ್ಬರನ್ನು ಹಿಡಿದು, ಅವರಿಂದ ಇನ್ನೊಬ್ಬರನ್ನು, ಅವರಿಂದ ಮತ್ತೊಬ್ಬರನ್ನು ಪಡೆಯುತ್ತ ಹೋಗುವುದು. ಅದರ ಹೆಸರು ಹಿಮದುಂಡೆ. ಉರುಳಿದ ಹಾಗೆ ದೊಡ್ಡದಾಗುತ್ತದಂತೆ. ಹಿಮವನ್ನು ನಾನಾಗಲಿ ಮೇಡಂ ಆಗಲಿ ಕಂಡವರಲ್ಲ. ನಮ್ಮ ಕಡೆ ಹೆಣ್ಣು ನೋಡುವುದು ಹಿಂದಿನಿಂದಲೂ ಇದೇ ವಿಧಾನದಿಂದ, ಅವರ ಬೀಗರು ಇವರ ಬೀಗರು ಎನ್ನುತ್ತ. ಆದ್ದರಿಂದ ಕೂಡಲೇ ಅರ್ಥವಾಯಿತು.

ಒಂದು ಭಾನುವಾರ ಲೋಕಲ್ ರೈಲು ಹಿಡಿದು ಲಿಂಗಂಪಲ್ಲಿಗೆ ಹೋದೆ. ಸ್ಟೇಷನ್ನಿನ ಹೊರಗೆ ಕೂಲಿಯವರ ವಾರದ ಸಂತೆ ಕಟ್ಟಿತ್ತು. ಹಸಿಮೆಣಸಿನಕಾಯಿ ಆರಿಸುತ್ತ ಒಬ್ಬ ಹೆಂಗಸು ತನ್ನಷ್ಟಕ್ಕೇ, "ಇವೇನ ಕಾಯಿನೋ, ಸೊಟ್ಟ ಮಾರಿ ಮಾಡ್ಯಾವ" ಎಂದಳು. ನಾನು ಹತ್ತಿರ ಹೋಗಿ, "ಯಾವೂರವಾ ನಿಂದು?" ಎಂದೆ. ಅವಳು ನನ್ನನ್ನು ಮೇಲಿನಿಂದ ಕೆಳಗೆ ನೋಡಿ, "ಯಾದಗಿರಿ ಕಡೀಗ್ರಿ. ನೀವು?" ಎಂದಳು. ಹೆಸರು ಮಲ್ಲಮ್ಮ. ನನಗಿಂತ ನಾಲ್ಕೈದು ವರ್ಷ ಚಿಕ್ಕವಳಿರಬೇಕು. ಹತ್ತಿರದಲ್ಲೇ ಏಳುತ್ತಿದ್ದ ಒಂದು ಕಟ್ಟಡದಲ್ಲಿ ಕೆಲಸ, ಅದರ ಪಕ್ಕದ ತಗಡಿನ ಶೆಡ್ಡಿನಲ್ಲಿ ಮನೆ. ನನ್ನ ಪ್ರಶ್ನೆ ಕೇಳಿ ಅವಳು ಬಿದ್ದು ಬಿದ್ದು ನಕ್ಕಳು.

"ಸಿಟ್ಟಿಗಿ ಭಾಷಾ ಎದಕ್ಕ ಬೇಕ್ರಿ ಅಕ್ಕಾರ? ಕೈ ಸಾಕಲ್ಲ."

"ಕೈ ಎತ್ತಾಕ ಬರಲಾರದವರ ಮ್ಯಾಲ ಬಂದ್ರ? ಈಗ ನಿಮ್ಮ ಮೇಸ್ತ್ರಿ ಮ್ಯಾಲ?"

"ಮೇಸ್ತ್ರಿಗಿ ಕನ್ನಡ ಬರಂಗಿಲ್ರಿ. ಅದಕ್ಕ ಅವಗ ಕನ್ನಡದಾಗೇ ಬೈತೀನಿ. ನಕ್ಕೋತ ಬೈತೀನಿ. ಅವನೂ ನಕ್ಕೋತ ಸರೇ ಸರೇ ಅಂತಾನ."

ನನಗೆ ಬಂಗಾರದ ಗಣಿ ಸಿಕ್ಕ ಹಾಗಾಯಿತು. ಮಲ್ಲಮ್ಮ ತನ್ನ ಓರಗಿತ್ತಿಯನ್ನು ಕರೆದಳು, ಓರಗಿತ್ತಿ ತನ್ನ ಗೆಳತಿಯನ್ನು, ಗೆಳತಿ ತನ್ನ ಊರಿನವಳನ್ನು. ಉಂಡೆ ಉರುಳತೊಡಗಿತು. ಎರಡು ಮೂರು ಭಾನುವಾರ ಶೆಡ್ಡಿನ ನೆರಳಿನಲ್ಲಿ ಕುಳಿತು ಎಲ್ಲರ ಸಿಟ್ಟನ್ನೂ ಬರೆದುಕೊಂಡೆ. ಎಲ್ಲರೂ ಮೇಸ್ತ್ರಿಯನ್ನು ಕನ್ನಡದಲ್ಲಿ ನಗುತ್ತ ಬೈಯುವವರೇ. ಮಕ್ಕಳನ್ನು ಹಿಂದಿಯಲ್ಲಿ ಗದರಿಸುವವರೇ. ಒಬ್ಬರ ಮೇಲೊಬ್ಬರಿಗೆ ಸಿಟ್ಟು ಬರುತ್ತದೆಯೇ ಎಂದರೆ, "ನಾವ್ನಾವ ಭಾಳ ಛಲೋ ಅದೀವ್ರಿ" ಎನ್ನುವವರೇ. ಇಷ್ಟು ಒಮ್ಮತ ಕಂಡು ನನಗೆ ಆನಂದವಾಯಿತು. ಇನ್ನು ಪ್ರಬಂಧ ಬರೆಯುವುದೊಂದೇ ಬಾಕಿ ಎಂದು ಮೇಡಂ ಮುಂದೆ ಹಾಳೆಗಳನ್ನು ಹರವಿದೆ.

ಅವರು ಮತ್ತೆ ಕನ್ನಡಕ ತೆಗೆದರು. "ನೀವು ಅಧ್ಯಯನ ಮಾಡುತ್ತಿರುವುದು ಸಿಟ್ಟನ್ನು. ಇವರೆಲ್ಲರೂ ಒಬ್ಬರಿಗೊಬ್ಬರು ಬೇಕಾದವರು. ತಾನು ಮಾತು ಬಿಟ್ಟವಳನ್ನು ಯಾವ ಹೆಂಗಸಾದರೂ ಕರೆದು ನಿಮ್ಮ ಮುಂದೆ ಕೂರಿಸುತ್ತಾಳೆಯೇ? ನಿಮ್ಮ ಉಂಡೆ ಜಗಳ ಇರುವ ಮನೆಗಳನ್ನು ಬಿಟ್ಟು ಉರುಳಿದೆ. ಮಲ್ಲಮ್ಮ ಯಾರನ್ನು ಕಳಿಸಿಲ್ಲ, ಅದನ್ನು ಕೇಳಿ ಬನ್ನಿ."

ಅದು ನನಗೆ ಹೊಳೆದೇ ಇರಲಿಲ್ಲ. ಈಗ ಹೊಳೆದ ಮೇಲೆ ಸುಮ್ಮನಿರಲಾಗಲಿಲ್ಲ. ಸಂಶೋಧನೆಯ ಕುತೂಹಲಕ್ಕೂ ಓಣಿಯ ಕುತೂಹಲಕ್ಕೂ ಇರುವ ಅಂತರ ಬಹಳ ತೆಳುವಾದದ್ದು. ಮೊದಲನೆಯದರಲ್ಲಿ ಕೈಯಲ್ಲಿ ಪೆನ್ನು ಇರುತ್ತದೆ, ಅಷ್ಟೆ. ಮುಂದಿನ ಭಾನುವಾರ ಮಲ್ಲಮ್ಮನನ್ನು ಕೇಳಿದೆ. ಅವಳು ಜೋಳದ ಹಿಟ್ಟು ಸೋಸುತ್ತಿದ್ದಳು. ಜರಡಿ ನಿಂತಿತು.

"ಒಬ್ಬಾಕಿ ಅದಾಳ. ಅಕಿ ನಿಮ್ಮ ಲೆಕ್ಕಕ್ಕ ಬರಂಗಿಲ್ಲ ಬಿಡ್ರಿ. ಅಕಿ ತೆಲುಗಾಕಿ ಆಗ್ಯಾಳ."

"ಯಾರಕಿ?"

"ನನ್ನ ತಂಗಿ. ನೀಲಮ್ಮ."

ಅಷ್ಟು ಹೇಳಿ ಜರಡಿಯನ್ನು ಜೋರಾಗಿ ತಟ್ಟತೊಡಗಿದಳು. ಉಳಿದದ್ದನ್ನು ಅವಳ ಓರಗಿತ್ತಿ ನನ್ನನ್ನು ಸ್ಟೇಷನ್ನಿನವರೆಗೆ ಬಿಡುವ ನೆವದಲ್ಲಿ ಬಂದು ಹೇಳಿದಳು. ನೀಲಮ್ಮ ಮೊದಲು ಇದೇ ಶೆಡ್ಡಿನಲ್ಲಿದ್ದವಳು. ಈಗ ರಸ್ತೆಯಾಚೆಯ ದೊಡ್ಡ ಅಪಾರ್ಟ್‌ಮೆಂಟಿನಲ್ಲಿ ಒಂದು ಮನೆಯ ಅಡುಗೆ ಕೆಲಸ ಹಿಡಿದು ಅಲ್ಲೇ ಹಿಂಬದಿಯ ಕೋಣೆಯಲ್ಲಿದ್ದಾಳೆ. ಅವಳು ಸೇರಿದ ಹೊಸದರಲ್ಲಿ ಮಲ್ಲಮ್ಮ ರೊಟ್ಟಿ ಕಟ್ಟಿಕೊಂಡು ನೋಡಲು ಹೋದಳು. ಲಿಫ್ಟಿನ ಮುಂದೆ ನೀಲಮ್ಮ ಮನೆಯೊಡತಿಯ ಜೊತೆ ನಿಂತಿದ್ದಳು. ಮಲ್ಲಮ್ಮ ದೂರದಿಂದಲೇ ಹೆಸರು ಹಿಡಿದು ಕೂಗಿದಳು. ತಂಗಿ ತಿರುಗಿ ನೋಡಿ ತೆಲುಗಿನಲ್ಲಿ, "ತರ್ವಾತ ರಂಡಿ" ಎಂದು ಲಿಫ್ಟು ಹತ್ತಿದಳು. ಅಂದಿನಿಂದ ಅಕ್ಕ ತಂಗಿಗೆ ಮಾತಿಲ್ಲ.

ಕೇಳಿ ನನಗೆ ನಗು ತಡೆಯಲಾಗಲಿಲ್ಲ. ಆ ಮಾತಿಗೆ ತೆಲುಗಿನಲ್ಲಿ, ಆಮೇಲೆ ಬನ್ನಿ ಎಂದು ಅರ್ಥ, ಮರ್ಯಾದೆಯ ಮಾತು. ನಮ್ಮ ಕಡೆ ಅದೇ ಸದ್ದಿಗೆ ತಲೆ ಒಡೆದಾವು. ನಾನೇ ಮದುವೆಯಾಗಿ ಬಂದ ಹೊಸದರಲ್ಲಿ ಪಕ್ಕದ ಮನೆಯವರು ಅರಿಶಿನ ಕುಂಕುಮಕ್ಕೆ ಹಾಗೆ ಕರೆದಾಗ ಬಾಗಿಲು ಹಾಕಿಕೊಂಡಿದ್ದೆ. ಒಂದು ಪದದ ತಪ್ಪು ತಿಳಿವಳಿಕೆ, ನಾನು ಬಿಡಿಸಿ ಹೇಳಿದರೆ ಮುಗಿಯಿತು ಎಂದು ಅಲ್ಲಿಂದಲೇ ವಾಪಸು ಹೋಗಿ, ಮಲ್ಲಮ್ಮನಿಗೆ ತೆಲುಗು ವ್ಯಾಕರಣ ಹೇಳತೊಡಗಿದೆ. ಅವಳು ಪೂರ್ತಿ ಕೇಳಿದಳು.

"ಕೆಲಸದಾಗ ದಿನಾ ಕೇಳ್ತೀನ್ರಿ ಆ ಮಾತ. ಅರ್ಥ ಗೊತ್ತೈತಿ. ಬರ್ರಿ ಅಂದಂಗ."

"ಮತ್ತ?"

"ಅದೇ ಮತ್ತ. ನಾ ಎತ್ತಿ ಆಡಿಸಿದ ಕೂಸು ನನಗ ಬರ್ರಿ ಅಂದ್ರ ಹೆಂಗ್ರಿ? ಬೈದಿದ್ರ ಬೈಸ್ಕೋತಿದ್ದೆ. ಅಕ್ಕಗ ಯಾರರ ರೀ ಹಚ್ತಾರೇನು?"

ನನ್ನ ವ್ಯಾಕರಣ ಅಲ್ಲಿಗೆ ನಿಂತಿತು. ರೈಲಿನಲ್ಲಿ ಬರುವಾಗ ಹಾಳೆಗಳನ್ನು ತಿರುವಿ ನೋಡಿದೆ. ಬೈಗುಳಕ್ಕೆ ಖಾನೆ ಇತ್ತು, ಗದರಿಕೆಗೆ ಇತ್ತು, ಮೌನಕ್ಕೂ ಇತ್ತು. ಮರ್ಯಾದೆಯಿಂದ ಆಗುವ ಗಾಯಕ್ಕೆ ನಾನು ಖಾನೆ ಇಟ್ಟಿರಲಿಲ್ಲ. ಈಗ ಹೇಗಾದರೂ ಮಾಡಿ ನೀಲಮ್ಮನನ್ನು ನೋಡಬೇಕು ಎನಿಸಿತು. ಅವಳನ್ನು ಬಿಟ್ಟು ಬರೆದರೆ ಪ್ರಬಂಧ ಮುಗಿಯಬಹುದು, ಆದರೆ ಅದು ಸುಳ್ಳಾಗುತ್ತದೆ.

ಮರುವಾರ ಅಪಾರ್ಟ್‌ಮೆಂಟಿನ ಹಿಂಬದಿಗೆ ಹೋಗಿ ಬಾಗಿಲು ತಟ್ಟಿದೆ. ತೆಳ್ಳಗಿನ, ಚುರುಕು ಕಣ್ಣಿನ ಹೆಂಗಸು ಬಂದು, "ಏಮ್ ಕಾವಾಲಂಡಿ?" ಎಂದಳು, ಏನು ಬೇಕು ಎಂದು. ನನ್ನ ಬಾಯಿಂದಲೂ ಅಭ್ಯಾಸಬಲದಿಂದ ತೆಲುಗೇ ಬಂತು. ಯಾದಗಿರಿಯವಳೂ ಕಲಬುರಗಿಯವಳೂ ಬಾಗಿಲಲ್ಲಿ ನಿಂತು ತೆಲುಗಿನಲ್ಲಿ ಒಬ್ಬರಿಗೊಬ್ಬರು, ನಮ್ಮ ರೀ ಇದ್ದ ಹಾಗೆ, ಅಂಡಿ ಹಚ್ಚಿ ಮಾತಾಡಿದೆವು. ಕನ್ನಡದವರ ಬಗ್ಗೆ ಒಂದು ಅಧ್ಯಯನ ಎಂದು ನಾನು ತೆಲುಗಿನಲ್ಲಿ ಹೇಳಿದೆ. ಇಲ್ಲಿ ಕನ್ನಡದವರು ಯಾರೂ ಇಲ್ಲ ಎಂದು ಅವಳು ತೆಲುಗಿನಲ್ಲಿ ಹೇಳಿದಳು. ಅಷ್ಟರಲ್ಲಿ ಒಳಗೆ ಚುರ್ ಎಂದು ಸದ್ದಾಯಿತು. "ಅಯ್ಯ, ಹಾಲ ಉಕ್ಕಿ ಹೋತು" ಎನ್ನುತ್ತ ಅವಳು ಓಡಿದಳು. ನಾನೂ, "ಒಲಿ ಆರ್ಸವಾ ಮದಲ" ಎನ್ನುತ್ತ ಹಿಂದೆ ಓಡಿದೆ. ಇಬ್ಬರೂ ಒಲೆಯ ಮುಂದೆ ನಿಂತು ಮುಖ ಮುಖ ನೋಡಿಕೊಂಡೆವು. ಅವಳೇ ಮೊದಲು ನಕ್ಕಳು.

ಉಳಿದ ಹಾಲಿನಲ್ಲಿ ಚಹಾ ಮಾಡಿ ಕೊಟ್ಟು ತನ್ನ ಕಥೆ ಹೇಳಿದಳು. "ತೆಲುಗು ಛಲೋ ಬರಬೇಕು ಅಂದಿದ್ರು. ಬರ್ತದ ಅಂದಿದ್ದೆ. ಬರ್ತಿದ್ದಿಲ್ಲ. ಬಾಯಾಗ ನಾಕ ಮಾತ ಇಟ್ಕೊಂಡು ಅವನ್ನ ತಿರುಗಿಸಿ ಮುರುಗಿಸಿ ದಿನಾ ದೂಡಾಕತ್ತಿದ್ದೆ. ಅಂಥಾದ್ರಾಗ ಅಕ್ಕ ಬಂದು ಕೂಗಿದ್ಲು. ಮನಿ ಒಡತಿ ಅಮ್ಮಾರು ಬಾಜೂಕೇ ನಿಂತಾರ. ನನಗ ಬರೋ ನಾಕ ಮಾತಿನಾಗ ಅದೊಂದು ಬಾಯಿಗಿ ಬಂತು. ಬಾ ಅಂತ ಏಕವಚನದಾಗ ಹೆಂಗ ಹೇಳಬೇಕು ಅನ್ನೋದು ತೆಲುಗಿನಾಗ ನಾ ಆಗ ಇನ್ನ ಕಲ್ತಿದ್ದಿಲ್ರಿ."

ನಾನು ಪೆನ್ನು ಕೆಳಗಿಟ್ಟೆ. "ಇದನ್ನ ನಿಮ್ಮ ಅಕ್ಕಗ ಹೇಳಿದೇನು?" ಎಂದೆ. "ಹೇಳಾಕ ಅಕಿ ಮಾತಾಡಬೇಕಲ್ಲ. ನೀವ ಹೇಳ್ರಿ" ಎಂದಳು. ಸಂಶೋಧಕರು ಒಬ್ಬರ ಮಾತನ್ನು ಇನ್ನೊಬ್ಬರಿಗೆ ಮುಟ್ಟಿಸಬಾರದು ಎಂಬುದು ಮೇಡಂ ಹಾಕಿಕೊಟ್ಟ ಮೊದಲ ನಿಯಮ. ಅದನ್ನೇ ಹೇಳಿದೆ. "ಹಂಗಾರ ನಾನೂ ನಿಮ್ಮ ಪ್ರಶ್ನಿಗಿ ಉತ್ತರ ಹೇಳಂಗಿಲ್ಲ" ಎಂದು ಲೋಟ ಎತ್ತಿಕೊಂಡು ಎದ್ದಳು. ನಿಯಮ ಮುರಿಯದೆ ಕೆಲಸ ಆಗುವ ದಾರಿ ಒಂದೇ ಇತ್ತು. ನಾನು ಸಂತೆಗೆ ಹೊರಟಿದ್ದೇನೆ, ಬರುವುದಾದರೆ ನನ್ನ ಜೊತೆ ಬಾ ಎಂದೆ. ಅವಳು ಬಹಳ ಹೊತ್ತು ಒಲೆಯನ್ನು ಒರೆಸಿದಳು. ಆಮೇಲೆ ಚೀಲ ಹಿಡಿದು ಬಂದಳು.

ಮಲ್ಲಮ್ಮ ಬೆಂಡೆಕಾಯಿಯ ತುದಿ ಮುರಿದು ನೋಡುತ್ತಿದ್ದಳು. ತಲೆ ಎತ್ತಿದವಳು ನನ್ನನ್ನು ಕಂಡಳು, ನನ್ನ ಹಿಂದೆ ಇದ್ದವಳನ್ನೂ ಕಂಡಳು. ಅವಳು ಬೈಯುತ್ತಾಳೆ ಎಂದು ನಾನು ಕಾದೆ. ಅವಳು ಬೆಂಡೆಕಾಯಿ ಕೆಳಗಿಟ್ಟು, ಸೆರಗು ಸರಿ ಮಾಡಿಕೊಂಡು, ಎಂದೂ ಕಾಣದ ನಯದಿಂದ ತಂಗಿಗೆ ತೆಲುಗಿನಲ್ಲಿ ಹೇಳಿದಳು.

"ಬಾಗುನ್ನಾರಾ ಅಂಡಿ? ರಂಡಿ, ಕೂರ್ಚೋಂಡಿ."

ಚೆನ್ನಾಗಿದ್ದೀರಾ, ಬನ್ನಿ, ಕುಳಿತುಕೊಳ್ಳಿ ಎಂದು. ಕುಳಿತುಕೊಳ್ಳಲು ಅಲ್ಲಿ ತರಕಾರಿಯ ಬುಟ್ಟಿ ಬಿಟ್ಟು ಬೇರೇನೂ ಇರಲಿಲ್ಲ. ನೀಲಮ್ಮನ ಮುಖ ಬಿಳಿಚಿಕೊಂಡಿತು. ತರಕಾರಿಯವಳು ತಕ್ಕಡಿ ಹಿಡಿದುಕೊಂಡೇ ನಿಂತಳು.

"ಅಕ್ಕಾ, ಹಂಗನಬ್ಯಾಡ. ಬೈ. ನಮ್ಮ ಮಾತಿನ್ಯಾಗ ಬೈ."

ಮಲ್ಲಮ್ಮ ಗದ್ದ ಮೇಲೆತ್ತಿ, ಅದೇ ಗತ್ತಿನಲ್ಲಿ, "ನಾ ಯಾಕ ಬೈಲ್ಯಂಡಿ?" ಎಂದಳು.

ಅರ್ಧ ಕನ್ನಡ, ಬಾಲದಲ್ಲಿ ತೆಲುಗು. ಬಾಯಿಂದ ಬಿದ್ದ ಮೇಲೆ ಅದು ಅವಳಿಗೇ ಕೇಳಿಸಿತು. ನಗು ಬರಬಾರದೆಂದು ತುಟಿ ಬಿಗಿಹಿಡಿದಳು. ತರಕಾರಿಯವಳು ತಡೆಯಲಾರದೆ ಕಿಸಕ್ಕೆಂದಳು. ಅಷ್ಟಾದದ್ದೇ ತಡ, ಮಲ್ಲಮ್ಮನ ಒಡ್ಡು ಒಡೆಯಿತು. "ನಿನ್ನ ಬಾಯಾಗ ಮಣ್ಣ ಹಾಕ್ಲಿ, ನಿನ್ನ ಲಿಫ್ಟಿಗಿ ಬೆಂಕಿ ಹಚ್ಚಲಿ, ರೊಟ್ಟಿ ಕಟಗೊಂಡ ಬಂದ್ರ ಅಕ್ಕಗ ರೀ ಹಚ್ತಿ ಏನ, ನಿನ್ನ ಮಾರಿ ತೊಳದಾಕಿ ನಾ, ತಲಿ ಬಾಚಿದಾಕಿ ನಾ" ಎಂದು ಆರಂಭವಾದದ್ದು ಯಾದಗಿರಿಯ ಸುತ್ತಲಿನ ಎಲ್ಲ ದೇವರನ್ನೂ ಮುಟ್ಟಿ ಬಂತು. ನೀಲಮ್ಮ ಕೈಕಟ್ಟಿ ನಿಂತು, ಕಣ್ಣಲ್ಲಿ ನೀರು ಸುರಿಸುತ್ತ, ಒಂದೊಂದು ಬೈಗುಳಕ್ಕೂ ಹ್ಞೂಂ ಎನ್ನುತ್ತ ಕೇಳಿದಳು. ತವರಿನಿಂದ ಬಂದ ಬುತ್ತಿಯನ್ನು ಬಿಚ್ಚಿ ನೋಡುವವರ ಮುಖ ಹಾಗಿರುತ್ತದೆ.

ನನ್ನ ಕೈಯಲ್ಲಿ ಪೆನ್ನಿತ್ತು. ಆದರೆ ಒಂದು ಅಕ್ಷರವನ್ನೂ ಬರೆಯಲಿಲ್ಲ. ಅಕ್ಕ ತಂಗಿ ಇಬ್ಬರೂ ಶೆಡ್ಡಿನ ಕಡೆ ಹೊರಟಾಗ ನಾನೂ ಹೆಜ್ಜೆ ಹಾಕಿದೆ. ಮಲ್ಲಮ್ಮ ತಿರುಗಿ, "ಅಕ್ಕಾರ, ಇವತ್ತ ನಿಮ್ಮ ಪ್ರಶ್ನಿ ಬ್ಯಾಡ್ರಿ" ಎಂದಳು. ನಾನು ಅರ್ಧ ಕಿಲೋ ಬೆಂಡೆಕಾಯಿ ತೆಗೆದುಕೊಂಡು ರೈಲು ಹತ್ತಿದೆ.

ಎಲ್ಲವನ್ನೂ ಕೇಳಿದ ಅರುಣಾ ಮೇಡಂ ಬಹಳ ಹೊತ್ತು ನಕ್ಕು, ಕಣ್ಣೊರೆಸಿಕೊಂಡು, ಇದರಲ್ಲಿ ಏನನ್ನೂ ಪ್ರಬಂಧಕ್ಕೆ ಸೇರಿಸುವ ಹಾಗಿಲ್ಲ ಎಂದರು. ಸಂತೆಯ ಜಗಳಕ್ಕೆ ಯಾರ ಒಪ್ಪಿಗೆಯನ್ನೂ ನಾನು ಪಡೆದಿರಲಿಲ್ಲ. ನಿಯಮ ನಿಯಮವೇ. ಆದರೆ ಮುಂದಿನ ವಾರಗಳಲ್ಲಿ ನೀಲಮ್ಮ ತಾನಾಗಿಯೇ ಉತ್ತರ ಹೇಳಿದಳು. ಅಪಾರ್ಟ್‌ಮೆಂಟುಗಳಲ್ಲಿ ತೆಲುಗಿನವರಾಗಿ ಕೆಲಸ ಮಾಡುತ್ತಿದ್ದ ತನ್ನಂಥ ಹಲವರನ್ನು ತೋರಿಸಿದಳು. ಅವರು ಶೆಡ್ಡಿನವರ ಹಾಗೆ ಹೇಳಲಿಲ್ಲ, ಅಂಗಡಿಗೆ ಬಂದವರ ಹಾಗೂ ಹೇಳಲಿಲ್ಲ. ನನ್ನ ಒಮ್ಮತವೆಲ್ಲ ಒಡೆದುಹೋಗಿ, ಪ್ರಬಂಧಕ್ಕೆ ಜೀವ ಬಂತು. ಕೊನೆಗೆ ನಾನು ಕಂಡುಕೊಂಡದ್ದು ಇಷ್ಟು: ಸಿಟ್ಟು ಯಾವ ಭಾಷೆಯಲ್ಲಿ ಬರುತ್ತದೆ ಎಂಬುದು ಅದು ಯಾರ ಮೇಲೆ ಬರುತ್ತದೆ ಎಂಬುದರ ಮೇಲಿದೆ. ಸುಶೀಲಕ್ಕ ಇದನ್ನು ಕೇಳಿ, "ಇಷ್ಟ ತಿಳಕೊಳ್ಳಾಕ ರೈಲ ಹತ್ತಬೇಕಾಗಿತ್ತೇನ ವಿಮಲಾ?" ಎಂದರು. ಅದನ್ನೂ ಬುದ್ಧಿ ಹೇಳಿದ್ದು ಎಂದೇ ತೆಗೆದುಕೊಂಡೆ.

ಪ್ರಬಂಧ ಒಪ್ಪಿಸಿ ಬಂದ ದಿನ ಮಧ್ಯಾಹ್ನ ನಮ್ಮ ಮನೆಯವರು ಊಟಕ್ಕೆಂದು ಅಂಗಡಿಯಿಂದ ಬಂದು ಪೇಪರು ನೋಡುತ್ತ ಕುಳಿತಿದ್ದರು. ಅದನ್ನು ಮಡಚಿ ಪಕ್ಕಕ್ಕಿಟ್ಟು ಕೇಳಿದರು.

"ಊರ ಮಂದೀನೆಲ್ಲಾ ಕೇಳಿದಿ. ನನ್ನ ಯಾಕ ಕೇಳಲಿಲ್ಲ?"

"ಮನಿ ಮಂದೀನ ಮುಟ್ಟಬ್ಯಾಡ್ರಿ ಅಂದಿದ್ರಲ್ರಿ ಮೇಡಂ. ಮತ್ತ ನಿಮಗೆಲ್ಲಿ ಸಿಟ್ಟ ಬರ್ತದ?"

"ನನ್ನದಲ್ಲ. ನಿನ್ನ ಸಿಟ್ಟಿಂದು ಕೇಳಬಹುದಿತ್ತು. ನಿನಗ ಸಿಟ್ಟ ಬಂದ್ರ ಪುಸ್ತಕದ ಕನ್ನಡ ಬರ್ತದ."

ಅವರು ಹವಾಮಾನ ವರದಿ ಓದುವವರ ಹಾಗೆ ಮುಂದುವರಿಸಿದರು.

"ಬ್ಯಾರೆ ಹೊತ್ತಿನ್ಯಾಗ, ಚಾ ಆರಾಕತ್ತೇದ ಬರ್ರಿ ಅಂತಿ. ಸಿಟ್ಟಿದ್ದಾಗ, ಚಹಾ ಆರುತ್ತಿದೆ ಅಂತಿ. ಆ ಇದೆ ಅನ್ನೋದು ಕಿವಿಗಿ ಬಿತ್ತಂದ್ರ ನಾ ಚಪ್ಪಲ್ ಮೆಟ್ಟಿ ಅಂಗಡಿಗಿ ಹೊಂಟುಬಿಡ್ತೀನಿ."

"ಎಷ್ಟ ಮಂದೀನ ನೋಡಿ ಹೇಳಾಕತ್ತೀರಿ ಇದನ್ನ?"

"ಒಬ್ಬಾಕೀನ. ಖರೆ ದಿನಾ ನೋಡೀನಿ."

ಎದ್ದು ಅಡುಗೆಮನೆಗೆ ಹೋದೆ. ಒಬ್ಬಳನ್ನು ನೋಡಿ ತೀರ್ಮಾನ ಮಾಡಬಾರದು ಎಂಬುದು ಆ ಶಾಸ್ತ್ರದ ಮೊದಲ ಪಾಠ. ನೋಡಿದವರೇ ಪ್ರಕರಣದಲ್ಲಿ ಭಾಗಿಯಾಗಿದ್ದಾರೆ. ಚೀಟಿ ಎತ್ತಿಲ್ಲ, ನನ್ನ ಒಪ್ಪಿಗೆ ಪಡೆದಿಲ್ಲ. ವಿಧಾನದ ದೋಷಗಳನ್ನು ಒಂದೊಂದಾಗಿ ಎಣಿಸುತ್ತ ತಟ್ಟೆ ಇಟ್ಟೆ, ಪಲ್ಯ ಬಡಿಸಿದೆ, ರೊಟ್ಟಿಯ ಬುಟ್ಟಿಯನ್ನು ಬೇಕಾದದ್ದಕ್ಕಿಂತ ಸ್ವಲ್ಪ ಜೋರಾಗಿ ಕೆಳಗಿಟ್ಟೆ. ಆಮೇಲೆ ಬಾಗಿಲಿಗೆ ಬಂದು ನಿಂತು, ಸಾಧ್ಯವಾದಷ್ಟು ಶಾಂತವಾಗಿ ಹೇಳಿದೆ.

"ನನಗೆ ಯಾವ ಸಿಟ್ಟೂ ಬಂದಿಲ್ಲ. ಊಟ ಸಿದ್ಧವಾಗಿದೆ, ಬನ್ನಿ."

ಅವರು ಬಗ್ಗಿ ಚಪ್ಪಲಿ ಹುಡುಕತೊಡಗಿದರು.